ಆರನೇ ಸಾಲು, ಎಪ್ಪತ್ತೆರಡು

ನೆಲದೊಳಗನ್ನು ನೋಡುವ ರಾಡಾರ್ ಮಕ್ಕಳನ್ನು ಕೂರಿಸಿ ತಳ್ಳುವ ಗಾಡಿಗಿಂತ ದೊಡ್ಡದೇನಲ್ಲ. ಮೂರು ಚಕ್ರ, ಕೆಳಗೆ ಕಿತ್ತಳೆ ಬಣ್ಣದ ಪೆಟ್ಟಿಗೆ, ಹಿಡಿಯ ಬಳಿ ಒಂದು ಪರದೆ. ನಿಧಾನವಾಗಿ ತಳ್ಳುತ್ತ ಹೋದರೆ ಪೆಟ್ಟಿಗೆ ನೆಲಕ್ಕೆ ಅಲೆಗಳನ್ನು ಬಿಡುತ್ತದೆ. ತಿರುಗಿ ಬಂದದ್ದು ಪರದೆಯ ಮೇಲೆ ಕಪ್ಪು ಬಿಳುಪು ಪಟ್ಟೆಗಳಾಗಿ ಮೂಡುತ್ತದೆ. ಅದರಲ್ಲಿ ಮೂಳೆ ಕಾಣುವುದಿಲ್ಲ. ಕಾಣುವುದು ಒಮ್ಮೆ ಅಗೆದು ಮುಚ್ಚಿದ ಮಣ್ಣು ಮಾತ್ರ. ಎಂದೂ ಅಗೆಯದ ನೆಲದಲ್ಲಿ ಪದರಗಳು ಒಂದರ ಮೇಲೊಂದು ಸಾಲಾಗಿ ಇರುತ್ತವೆ; ಗೋರಿ ಇದ್ದಲ್ಲಿ ಆ ಸಾಲು ಕಡಿದುಹೋಗಿರುತ್ತದೆ. ನೂರೈವತ್ತು ವರ್ಷ ಕಳೆದರೂ ಆ ಕಡಿತ ಕೂಡಿಕೊಳ್ಳುವುದಿಲ್ಲ.

ಎರಡು ಸಾವಿರದ ದಶಕದ ನಡುವೆ ನಾನು ಎರಡು ದೊಡ್ಡ ದ್ವೀಪಗಳ ಈ ದೇಶದ ಉತ್ತರ ದ್ವೀಪದಲ್ಲಿ, ಲೋವರ್ ಹಟ್‌ನ ಒಂದು ಸಣ್ಣ ಸರ್ವೆ ಕಂಪನಿಯಲ್ಲಿದ್ದೆ. ನಮ್ಮ ದಿನನಿತ್ಯದ ಕೆಲಸ ರಸ್ತೆ ಅಗೆಯುವ ಮುನ್ನ ಪೈಪು, ಕೇಬಲ್ಲು ಎಲ್ಲಿವೆ ಎಂದು ಹುಡುಕಿ ಬಣ್ಣ ಹಚ್ಚುವುದು. ಗೋರಿ ಹುಡುಕುವ ಕೆಲಸ ಬಂದದ್ದು ಅದೇ ಮೊದಲು. ದಕ್ಷಿಣ ದ್ವೀಪದ ತುದಿಗೆ ಹತ್ತಿರದ ಒಂದು ಕಣಿವೆಯಲ್ಲಿ, ಸ್ಕಾಟ್‌ಲೆಂಡಿನಿಂದ ಬಂದು ನೆಲೆಸಿದವರ ಹಳೆಯ ಸ್ಮಶಾನ. ನನ್ನ ಜೊತೆಗೆ ಕಳಿಸಿದ್ದು ಇಲಕಲ್ಲಿನ ಸರ್ವೆಯರ್ ಒಬ್ಬರನ್ನು. ನನಗಿಂತ ಹದಿನೈದು ವರ್ಷ ದೊಡ್ಡವರು. ಅವರ ಮನೆತನದ್ದು ಬಟ್ಟೆ ವ್ಯಾಪಾರ. ಇವರೊಬ್ಬರು ಮಾತ್ರ ಅಳತೆಯ ಕೆಲಸ ಹಿಡಿದು ಮೊದಲು ಕೊಲ್ಲಿ ದೇಶಕ್ಕೆ, ಆಮೇಲೆ ಇಲ್ಲಿಗೆ ಬಂದಿದ್ದರು. ನಾನು ಅವರನ್ನು ಭಾಯ್ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಮೈಸೂರಿನ ನನ್ನ ಕನ್ನಡಕ್ಕೂ ಅವರ ಕನ್ನಡಕ್ಕೂ ಹೊಂದಿಕೊಳ್ಳಲು ಒಂದು ವಾರ ಹಿಡಿದಿತ್ತು.

ಕೆಲಸ ಕೊಟ್ಟವರು ಎಂಬತ್ತು ದಾಟಿದ ನಿವೃತ್ತ ಶಾಲಾ ಶಿಕ್ಷಕಿ. ಅವರ ಮುತ್ತಜ್ಜಿ ಹಡಗಿನಲ್ಲಿ ಬಂದು, ನಾಲ್ಕು ಮಕ್ಕಳನ್ನು ಹೆತ್ತು, ಐದನೆಯ ಹೆರಿಗೆಯಲ್ಲಿ ತೀರಿಕೊಂಡು ಈ ಸ್ಮಶಾನದಲ್ಲಿ ಮಣ್ಣಾಗಿದ್ದರು. ಕಲ್ಲು ನೆಡಿಸುವ ಶಕ್ತಿ ಆಗ ಆ ಮನೆಯವರಿಗಿರಲಿಲ್ಲ. ಮರದ ಗುರುತು ಎಂದೋ ಕೊಳೆತುಹೋಗಿತ್ತು. ಈಗ ಟೀಚರ್ ಒಂದು ಕಲ್ಲು ಕೆತ್ತಿಸಿ, ತಮ್ಮ ಕಾರ್ ಶೆಡ್ಡಿನಲ್ಲಿ ಕಂಬಳಿ ಸುತ್ತಿ ಇಟ್ಟುಕೊಂಡಿದ್ದರು. ಗೋರಿ ಎಲ್ಲಿದೆಯೆಂದು ಆಧಾರ ತೋರಿಸದೆ ಕಲ್ಲು ನೆಡುವಂತಿಲ್ಲ ಎಂದು ಸ್ಮಶಾನದ ಸಮಿತಿ ಹೇಳಿತ್ತು. ಮೊದಲ ದಿನ ಅವರು ನಮಗೆ ಚಹಾ ಕೊಟ್ಟು, ಇಪ್ಪತ್ತು ವರ್ಷದಿಂದ ಕೂಡಿಟ್ಟ ಕಾಗದಗಳ ದಪ್ಪ ಫೈಲನ್ನು ಮೇಜಿನ ಮೇಲೆ ತೆರೆದರು. ಹಡಗಿನ ಪ್ರಯಾಣಿಕರ ಪಟ್ಟಿ, ಚರ್ಚಿನ ಸದಸ್ಯರ ಪಟ್ಟಿ, ಹಳೆಯ ಪತ್ರಗಳ ನಕಲು. ಊರಿನಲ್ಲಿ ತಾವೇ ಓದು ಕಲಿಸಿದ ಮಕ್ಕಳ ಮನೆಗಳಿಗೆ ಹೋಗಿ ಅಟ್ಟ ಹುಡುಕಿಸಿ ತಂದವು ಅದರಲ್ಲಿ ಅರ್ಧ. ಎಲ್ಲಕ್ಕಿಂತ ಮುಖ್ಯವಾದದ್ದು ಆ ಕಾಲದಲ್ಲಿ ಗುಂಡಿ ತೋಡುತ್ತಿದ್ದವನ ನೋಟ್‌ಬುಕ್ಕಿನ ನಕಲು. ಚರ್ಚಿನ ದಾಖಲೆಗಳು ಬೆಂಕಿಗೆ ಹೋಗಿದ್ದವು, ಉಳಿದದ್ದು ಇದೊಂದೇ.

ನೋಟ್‌ಬುಕ್ಕಿನಲ್ಲಿ ಪ್ರತಿ ಸಾಲಿಗೂ ಒಂದು ಪುಟ. ಪುಟದಲ್ಲಿ ಹೆಸರು, ಹೆಸರಿನ ಎದುರು ಒಂದು ಸಂಖ್ಯೆ. ದಕ್ಷಿಣದ ಗೇಟಿನ ಕಲ್ಲುಕಂಬದ ಗೆರೆಯಿಂದ ಉತ್ತರಕ್ಕೆ ಇಷ್ಟು ದೂರ ಎಂದು ಅರ್ಥ. ಸಂಖ್ಯೆಗಳು ಸಾಮಾನ್ಯವಾಗಿ ಎರಡೆರಡಾಗಿ ಏರುತ್ತಿದ್ದವು. ಅಳತೆ ಯಾವುದರಲ್ಲಿ ಎಂದು ಎಲ್ಲೂ ಬರೆದಿರಲಿಲ್ಲ. ಅಡಿಯಾದರೆ ಗೋರಿಗಳು ಒಂದರ ಮೇಲೊಂದು ಬರಬೇಕಾಗುತ್ತಿತ್ತು, ಆದ್ದರಿಂದ ಗಜ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಮುತ್ತಜ್ಜಿಯ ಹೆಸರು ಆರನೇ ಸಾಲಿನಲ್ಲಿತ್ತು, ಎದುರಿಗೆ ಎಪ್ಪತ್ತೆರಡು.

ಸಮಿತಿಯ ಅಧ್ಯಕ್ಷರು ಕುರಿ ಸಾಕುವ ರೈತ, ಅರವತ್ತೈದರ ಆಸುಪಾಸು. ಸ್ಮಶಾನದ ಹುಲ್ಲನ್ನು ಇಷ್ಟು ವರ್ಷ ಕತ್ತರಿಸುತ್ತಿದ್ದವರು ಅವರೇ. ಗೇಟಿನ ಬೀಗ ತೆಗೆದುಕೊಟ್ಟು, ಆರನೇ ಸಾಲಿನ ಉದ್ದಕ್ಕೂ ನಮ್ಮೊಂದಿಗೆ ನಡೆದರು. ಕಲ್ಲುಗಳೆಲ್ಲ ದಾರ ಹಿಡಿದು ನಿಲ್ಲಿಸಿದಂತೆ ನೇರವಾಗಿದ್ದವು. ಅರವತ್ತರ ದಶಕದಲ್ಲಿ ಬಿದ್ದುಹೋಗಿದ್ದ ಕಲ್ಲುಗಳನ್ನು ತಮ್ಮ ತಂದೆ ಈ ನೋಟ್‌ಬುಕ್ ನೋಡಿಯೇ ಮತ್ತೆ ಎಬ್ಬಿಸಿ ನಿಲ್ಲಿಸಿದರೆಂದೂ, ಟೇಪಿನ ಇನ್ನೊಂದು ತುದಿ ಹಿಡಿದವರು ತಾವೇ ಎಂದೂ ಹೇಳಿದರು. ಎಪ್ಪತ್ನಾಲ್ಕರಲ್ಲಿದ್ದ ಕಲ್ಲು ಅವರ ಮುತ್ತಜ್ಜ ಮುತ್ತಜ್ಜಿಯದು. ಅದರ ಬುಡದಲ್ಲೇ ಐದು ವರ್ಷದ ಹಿಂದೆ ಅವರ ತಾಯಿಯ ಬೂದಿಯನ್ನು ಮಣ್ಣಿಗೆ ಹಾಕಿದ್ದರು. ಪಕ್ಕದ ಎಪ್ಪತ್ತೆರಡರಲ್ಲಿ ಕಲ್ಲಿರಲಿಲ್ಲ, ಬರೀ ಹುಲ್ಲು.

ಮೊದಲ ಎರಡು ದಿನ ಜಿನುಗು ಮಳೆ. ಅಲ್ಲಿಯ ಜಿಗುಟು ಮಣ್ಣು ನೀರು ಕುಡಿದರೆ ಅಲೆಗಳನ್ನೂ ಕುಡಿದುಬಿಡುತ್ತದೆ. ಎರಡಡಿಯ ಕೆಳಗೆ ಪರದೆ ಬೂದಿ ಬಣ್ಣದ ಗೋಡೆಯಂತೆ ಕಂಡಿತು. ಭಾಯ್ ಹಗ್ಗ ಕಟ್ಟಿ, ಅರ್ಧ ಮೀಟರಿಗೊಂದು ಗೆರೆಯಂತೆ ಇಡೀ ಸಾಲಿಗೆ ಗುರುತು ಹಾಕಿದರು. ಉಳಿದ ಹೊತ್ತು ಮೋಟೆಲಿನ ಕೋಣೆಯಲ್ಲಿ ಕೂತು, ಅವರ ಮನೆಯಿಂದ ಬಂದ ಕಟಕ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆವು. ಮೂರನೆಯ ದಿನ ಗಾಳಿ ಬೀಸಿ ನೆಲ ಆರಿತು. ಮಧ್ಯಾಹ್ನ ಎಪ್ಪತ್ತೆರಡು ಗಜದ ಗುರುತಿನ ಮೇಲೆ ಬಂಡಿ ತಳ್ಳಿದಾಗ ಪದರಗಳು ಸ್ಪಷ್ಟವಾಗಿ ಕಡಿದಿದ್ದವು. ಆರಡಿಗಿಂತ ಉದ್ದ, ಎರಡೂವರೆ ಅಡಿ ಅಗಲ, ಐದಡಿ ಆಳ. ದೊಡ್ಡವರ ಗೋರಿ, ಇರಬೇಕಾದ ಜಾಗದಲ್ಲೇ.

ಟೀಚರ್ ಬೆಂಚಿನ ಮೇಲೆ ಕೂತಿದ್ದರು. ಹೋಗಿ ಹೇಳಿದೆ. ಅವರು ಎದ್ದು ಬಂದು, ಹುಲ್ಲಿನ ಮೇಲೆ ಭಾಯ್ ಊರಿದ ನಾಲ್ಕು ಸಣ್ಣ ಬಾವುಟಗಳ ನಡುವೆ ಬಹಳ ಹೊತ್ತು ನೋಡಿದರು. ಕೈಗವಸು ಬಿಚ್ಚಿ ಕೋಟಿನ ಜೇಬಿಗೆ ಹಾಕಿಕೊಂಡರು. ಅಧ್ಯಕ್ಷರು ಅವರ ತೋಳು ಹಿಡಿದು ಕಾರಿನವರೆಗೆ ಕರೆದೊಯ್ದರು. ಅಲ್ಲಿಗೆ ಕೆಲಸ ಮುಗಿದಂತೆಯೇ ಆಗಿತ್ತು. ನಾನು ಬಾಸ್‌ಗೆ ಫೋನ್ ಮಾಡಿ ಮರುದಿನ ಹೊರಡುತ್ತೇವೆ ಎಂದೆ.

ಆದರೂ ಇಡೀ ಸಾಲನ್ನು ಒಮ್ಮೆ ತಳ್ಳಿ ಮುಗಿಸುವುದು ನಮ್ಮ ಕ್ರಮ. ನೋಟ್‌ಬುಕ್ ನಂಬಲರ್ಹ ಎಂದು ವರದಿಯಲ್ಲಿ ಬರೆಯಬೇಕಾದರೆ ಒಂದೆರಡು ಕಡೆಯಾದರೂ ತಾಳೆ ನೋಡಿರಬೇಕು. ಅದಕ್ಕೆ ಸುಲಭದ ಗುರುತು ಮಕ್ಕಳ ಗೋರಿ. ಅವು ಮೂರು ಮೂರೂವರೆ ಅಡಿ ಉದ್ದವಷ್ಟೇ. ಪರದೆಯಲ್ಲಿ ಬೇರೆಯವಕ್ಕಿಂತ ಎದ್ದು ಕಾಣುತ್ತವೆ. ಆರನೇ ಸಾಲಿನಲ್ಲಿ ಮೂರು ಮಕ್ಕಳಿದ್ದರು: ಹನ್ನೆರಡು, ನಲವತ್ತು, ಅರವತ್ತಾರು.

ಮರುದಿನ ಬೆಳಿಗ್ಗೆ ಅರವತ್ತಾರು ಗಜದ ಗುರುತಿನಲ್ಲಿ ನೋಡಿದರೆ ದೊಡ್ಡವರ ಗೋರಿ. ಎರಡು ಸಲ ತಳ್ಳಿದೆ. ಚಿಕ್ಕ ಗೋರಿ ಅದರಾಚೆ ಐದೂವರೆ ಅಡಿ ದೂರದಲ್ಲಿತ್ತು. ಗೇಟಿನ ಕಂಬ ಯಾವಾಗಲೋ ಸರಿದಿರಬೇಕು, ಅಷ್ಟೇ, ಎಂದುಕೊಂಡೆ. ಹಾಗಿದ್ದರೆ ಮುತ್ತಜ್ಜಿಯ ಗೋರಿಯೂ ಅಷ್ಟೇ ದೂರ ಸರಿಯಬೇಕು. ನೋಡಬೇಕೆಂದು ನಲವತ್ತಕ್ಕೆ ಹೋದೆ. ಅಲ್ಲಿ ಚಿಕ್ಕ ಗೋರಿ ಮೂರಡಿಗೆ ಚೂರು ಹೆಚ್ಚು ಆಚೆಗಿತ್ತು. ಹನ್ನೆರಡರಲ್ಲಿ ಒಂದೇ ಅಡಿ.

ಮೂರು ಸಂಖ್ಯೆಗಳನ್ನೂ ಬರೆದು ಭಾಯ್‌ಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ಕಾಗದವನ್ನು ಹತ್ತಿರ ಹಿಡಿದು ನೋಡಿದರು.

"ಕಂಬ ಸರದಿದ್ದಲ್ಲ ತಂಗಿ ಇದು. ಕಂಬ ಸರದಿದ್ರ ಎಲ್ಲಾ ಕಡೆ ಒಂದ ಫರಕ್ ಬರಬೇಕಿತ್ತು. ಇದು ಹೋದಂಗ ಹೋದಂಗ ಹೆಚ್ಚಾಗೇತಿ. ಅವ ಅಳದ ಕೋಲ ಬ್ಯಾರೆ ಐತಿ."

ಹನ್ನೆರಡಕ್ಕೆ ಹನ್ನೆರಡು ಇಂಚು, ನಲವತ್ತಕ್ಕೆ ನಲವತ್ತು, ಅರವತ್ತಾರಕ್ಕೆ ಅರವತ್ತಾರು. ಒಂದು ಗಜಕ್ಕೆ ಒಂದು ಇಂಚು ಹೆಚ್ಚು. ಅಂದರೆ ಮೂವತ್ತೇಳು ಇಂಚಿನ ಕೋಲು. ಅಂಥ ಅಳತೆಯನ್ನು ನಾನು ಎಲ್ಲೂ ಕೇಳಿರಲಿಲ್ಲ. ಭಾಯ್ ಮಾತ್ರ, ಗುಂಡಿ ತೋಡುವುದಕ್ಕೆ ಮುಂಚೆ ಈ ಮನುಷ್ಯ ಏನು ಮಾಡುತ್ತಿದ್ದ ಎಂದು ಕೇಳಿದರು. ಟೀಚರ ಫೈಲಿನಲ್ಲಿ ಹಡಗಿನ ಪಟ್ಟಿ ತೆಗೆದೆ. ಅವನ ಹೆಸರಿನ ಮುಂದೆ ಕಸುಬು ನೇಕಾರ ಎಂದಿತ್ತು.

ಭಾಯ್ ನಕ್ಕರು. "ನಮ್ಮಪ್ಪನ ಅಂಗಡಿಯಾಗ ಒಂದು ಹಳೇ ಕೋಲಿತ್ತು. ಮೀಟರ್ ಬಂದು ಎಷ್ಟೋ ವರ್ಷ ಆದಮ್ಯಾಲೂ ಮುದುಕ್ಯಾರು ಬಂದು, ಅದರಾಗ ಅಳದು ಕೊಡ್ರಿ ಅಂತ ಕುಂದರ್ತಿದ್ರು. ಕೈಗೆ ರೂಢಿ ಆದ ಕೋಲು ಅಷ್ಟು ಲಗು ಬಿಡಂಗಿಲ್ಲ ಮನಷ್ಯಾ."

ಟೀಚರಿಗೆ ಫೋನ್ ಮಾಡಿ, ಸ್ಕಾಟ್‌ಲೆಂಡಿನ ನೇಕಾರರು ಬಟ್ಟೆಯನ್ನು ಯಾವುದರಲ್ಲಿ ಅಳೆಯುತ್ತಿದ್ದರು ಎಂದು ಮಾತ್ರ ಕೇಳಿದೆ. ಅವರಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಎಲ್ ಎನ್ನುತ್ತಿದ್ದರು, ಅಲ್ಲಿಯ ಎಲ್‌ಗೆ ಮೂವತ್ತೇಳು ಇಂಚು ಎಂದರು. ಯಾಕೆ ಎಂದು ಕೇಳಿದರು. ಸಂಜೆ ಬಂದು ಹೇಳುತ್ತೇನೆ ಎಂದೆ.

ಕಾರಿನ ಬಾನೆಟ್ಟಿನ ಮೇಲೆ ಹಾಳೆ ಹರವಿ ಲೆಕ್ಕ ಮಾಡಿದೆ. ಎಪ್ಪತ್ತೆರಡು ಎಲ್ ಎಂದರೆ ಎರಡು ಸಾವಿರದ ಆರುನೂರ ಅರವತ್ತನಾಲ್ಕು ಇಂಚು. ಅದನ್ನು ಮೂವತ್ತಾರರಿಂದ ಭಾಗಿಸಿದರೆ ಸರಿಯಾಗಿ ಎಪ್ಪತ್ನಾಲ್ಕು ಗಜ. ಮತ್ತೊಮ್ಮೆ ಭಾಗಿಸಿದೆ. ಟೀಚರ ಮುತ್ತಜ್ಜಿಯ ಮೇಲೆ ನಿಂತಿದ್ದದ್ದು ಅಧ್ಯಕ್ಷರ ಮುತ್ತಜ್ಜನ ಕಲ್ಲು. ನಾವು ಬಾವುಟ ಊರಿದ ಜಾಗದಲ್ಲಿದ್ದವನು ಎಪ್ಪತ್ತನೆಯ ಸಂಖ್ಯೆಯ ಒಬ್ಬ ಬಡಗಿ. ಅಧ್ಯಕ್ಷರ ಹಿರಿಯರು ತಮ್ಮ ಕಲ್ಲಿನಿಂದ ಆರಡಿ ಉತ್ತರಕ್ಕೆ, ಹೆಸರಿಲ್ಲದ ಹುಲ್ಲಿನ ಕೆಳಗಿದ್ದರು. ಅವರ ತಾಯಿಯ ಬೂದಿ ಟೀಚರ ಮುತ್ತಜ್ಜಿಯ ಗೋರಿಯಲ್ಲಿ ಬಿದ್ದಿತ್ತು. ತಪ್ಪು ಅಲ್ಲಿಗೆ ನಿಲ್ಲುತ್ತಿರಲಿಲ್ಲ. ಅರವತ್ತರ ದಶಕದಲ್ಲಿ ಗಜದ ಟೇಪು ಹಿಡಿದು ಎಬ್ಬಿಸಿದ ಕಲ್ಲುಗಳೆಲ್ಲ, ಗೇಟಿನಿಂದ ದೂರ ಹೋದಂತೆ ಹೆಚ್ಚು ಹೆಚ್ಚು ತಪ್ಪಾಗಿದ್ದವು. ಆರನೇ ಸಾಲಿನಲ್ಲೇ ಅಂಥವು ಮೂವತ್ತಕ್ಕೂ ಮಿಕ್ಕಿದ್ದವು.

ಬಾಸ್‌ಗೆ ಹೇಳಿದೆ. ಅವರು ಕೇಳಿಸಿಕೊಂಡು, ನಮ್ಮನ್ನು ಕರೆದದ್ದು ಒಂದು ಗೋರಿಗೆ, ಒಂದು ಗೋರಿಯ ಬಗ್ಗೆ ಬರೆದು ಬನ್ನಿ, ಉಳಿದದ್ದು ನಮ್ಮ ವ್ಯಾಪ್ತಿಯಲ್ಲಿಲ್ಲ ಎಂದರು. ಅದು ತಪ್ಪು ಮಾತೂ ಅಲ್ಲ. ಆದರೆ ಆ ಒಂದು ಗೋರಿಯ ಬಗ್ಗೆ ನಿಜ ಬರೆದರೆ ಅದರ ಮೇಲಿನ ಕಲ್ಲಿನ ಬಗ್ಗೆಯೂ ಬರೆದಂತೆಯೇ ಆಗುತ್ತಿತ್ತು. ಕಾಗದದಲ್ಲಿ ಓದಿ ತಿಳಿಯುವ ಮುಂಚೆ ಬಾಯಲ್ಲಿ ಹೇಳುವುದು ಸರಿ ಎನ್ನಿಸಿ, ಮೊದಲು ಅಧ್ಯಕ್ಷರ ಮನೆಗೆ ಹೋದೆವು.

ಅವರು ಉಣ್ಣೆ ಕತ್ತರಿಸುವ ಶೆಡ್ಡಿನಲ್ಲಿದ್ದರು. ಹಾಳೆಗಳನ್ನು ಹಲಗೆಯ ಮೇಲೆ ಇಟ್ಟು ವಿವರಿಸಿದೆ. ಮೂರು ಮಕ್ಕಳ ಗೋರಿಗಳ ಚಿತ್ರವನ್ನು ಅವರು ಪ್ರತ್ಯೇಕವಾಗಿ ಕೇಳಿ ನೋಡಿದರು. ಲೆಕ್ಕ ಅವರಿಗೆ ತಕ್ಷಣ ಅರ್ಥವಾಯಿತು; ಬೇಲಿ ಅಳೆದು ಬದುಕಿದ ಮನುಷ್ಯ. ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿ ಅಂಚು ಸರಿಮಾಡಿದರು.

"ಅಪ್ಪ ಮೂರು ಬೇಸಿಗೆ ಮಾಡಿದ ಕೆಲಸ ಅದು," ಎಂದರು. "ಯಾರೂ ಮಾಡು ಅಂದಿರಲಿಲ್ಲ."

ಮೇಲಿದ್ದ ಚಿತ್ರವನ್ನು ಮಗುಚಿ ಇಟ್ಟರು.

"ಟೀಚರಿಗೆ ಒಂದು ಗೋರಿ ಬೇಕಿತ್ತು. ನಿಮಗೆ ಒಂದು ಸಿಕ್ಕಿದೆ. ಆಕೆ ನಿನ್ನೆ ಅಲ್ಲಿ ನಿಂತದ್ದನ್ನು ನೀವೂ ನೋಡಿದ್ದೀರಿ."

ಅದರಲ್ಲಿರುವುದು ಬಡಗಿ ಎಂದೆ. ಅವರು ಹೌದೆಂಬಂತೆ ತಲೆಯಾಡಿಸಿ ಹಾಳೆಗಳನ್ನು ಹಿಂದೆ ಕೊಟ್ಟರು. ಗೇಟಿನ ಬೀಗದ ಕೈಯನ್ನು ಹೋಗುವಾಗ ಪೋಸ್ಟ್ ಡಬ್ಬಿಯಲ್ಲಿ ಹಾಕಿ ಹೋಗಿ ಎಂದಷ್ಟೇ ಹೇಳಿದರು.

ಟೀಚರ ಮನೆಯಲ್ಲಿ ಇನ್ನೂ ಕಷ್ಟವಾಗಬಹುದೆಂದುಕೊಂಡಿದ್ದೆ. ಅವರು ಎಲ್ಲ ಕೇಳಿಸಿಕೊಂಡು, ಆ ರೈತನ ತಾಯಿ ತಮ್ಮ ಜೊತೆ ಶಾಲೆಗೆ ಬರುತ್ತಿದ್ದ ಹುಡುಗಿ, ತಮಗಿಂತ ನಾಲ್ಕೈದು ತರಗತಿ ಮುಂದಿದ್ದವಳು ಎಂದರು. ಆಮೇಲೆ, ವರದಿಯಲ್ಲಿ ಇದನ್ನೆಲ್ಲ ಬರೆಯುವುದು ಬೇಡ ಎಂದರು.

"ನಮ್ಮ ಮುತ್ತಜ್ಜಿ ಎಲ್ಲಿದ್ದಾಳೆ ಅಂತ ನನಗೆ ಗೊತ್ತಾಯಿತಲ್ಲ. ಅಷ್ಟು ಸಾಕು. ಕಲ್ಲು ಶೆಡ್ಡಿನಲ್ಲೇ ಇರಲಿ."

ಕೆಲಸ ಕೊಟ್ಟವರೂ ಬೇಡ ಎಂದರು, ಜಾಗ ನೋಡಿಕೊಳ್ಳುವವರೂ ಬೇಡ ಎಂದರು, ಬಾಸ್‌ಗೂ ಬೇಕಿರಲಿಲ್ಲ. ಬರೆಯದೆ ಬಿಡುವುದಕ್ಕೆ ಇದಕ್ಕಿಂತ ಹೆಚ್ಚಿನ ಒಪ್ಪಿಗೆ ಯಾರಿಗೂ ಸಿಗಲಾರದು. ಉತ್ತರಕ್ಕೆ ವಾಪಸು ಬರುವ ವಿಮಾನದಲ್ಲಿ ಹಾಗೇ ಬಿಡುವುದೆಂದು ನಿರ್ಧರಿಸಿದ್ದೆ ಕೂಡ. ಆ ಮುದುಕಿಯ ಮಾತಿನಲ್ಲಿ ದೊಡ್ಡತನವಿತ್ತು, ಅದಕ್ಕೆ ಅಡ್ಡ ಬರಲು ನಾನ್ಯಾರು ಎನ್ನಿಸಿತ್ತು.

ಮನೆಗೆ ಬಂದು ನಕ್ಷೆ ಬಿಡಿಸುವಾಗ ತೊಡಕು ಎದುರಾಯಿತು. ನಕ್ಷೆಯಲ್ಲಿ ಗೋರಿಗಳನ್ನು ಅವು ಇದ್ದಲ್ಲೇ ಬಿಡಿಸಬೇಕು, ಹೆಸರು ಬರೆಯಬೇಕು. ಅಧ್ಯಕ್ಷರು ಮೊದಲ ದಿನ ನಡೆಯುವಾಗ ಇನ್ನೊಂದು ಮಾತು ಹೇಳಿದ್ದರು: ಸಾಲುಗಳಲ್ಲಿ ಖಾಲಿ ಇರುವ ಕಡೆ ಹಳೆಯ ಮನೆತನದವರ ಹೊಸ ಗೋರಿಗಳಿಗೆ ಜಾಗ ಕೊಡುವುದೆಂದು ಸಮಿತಿ ನಿಶ್ಚಯಿಸಿದೆ. ಅವರು ಖಾಲಿ ಎಂದು ತೋರಿಸಿದ್ದ ಆರು ಜಾಗಗಳನ್ನು ನಕ್ಷೆಯ ಮೇಲೆ ಇಟ್ಟು ನೋಡಿದೆ. ಅವುಗಳಲ್ಲಿ ನಾಲ್ಕರ ಕೆಳಗೆ ಪದರ ಕಡಿದಿತ್ತು. ಮುಂದಿನ ಸಲ ಗುಂಡಿ ತೋಡುವವನ ಗುದ್ದಲಿ ಯಾರ ಮೇಲೆ ಬೀಳುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆಯದಿದ್ದರೆ ಅದರ ಪಾಲು ನನ್ನದೂ ಆಗುತ್ತಿತ್ತು. ಜೊತೆಗೆ, ಟೀಚರು ತಮ್ಮ ಮುತ್ತಜ್ಜಿಯ ಪರವಾಗಿ ಬೇಡ ಎನ್ನಬಹುದು. ಉಳಿದ ಮೂವತ್ತು ಕಲ್ಲುಗಳ ಮನೆಯವರನ್ನು ಯಾರೂ ಕೇಳಿರಲಿಲ್ಲ.

ಭಾಯ್‌ಗೆ ಫೋನ್ ಮಾಡಿದೆ. ಏನು ಮಾಡಬೇಕೆಂದು ಅವರು ಹೇಳಲಿಲ್ಲ. ವರದಿಗೆ ಅಳತೆಯ ಭಾಗ ತಮ್ಮದು, ಅದರ ಕೆಳಗೆ ತಮ್ಮ ಸಹಿ ಬೇಕಾದರೆ ಇಡೀ ಸಾಲಿನ ಅಳತೆ ಹೋಗಬೇಕು ಎಂದರು. ಆ ಮಾತಿನಲ್ಲೇ ಎಲ್ಲ ಇತ್ತು.

ಎಲ್ಲವನ್ನೂ ಬರೆದೆ. ಮೂರು ಮಕ್ಕಳ ಗೋರಿಗಳ ಚಿತ್ರ, ನೇಕಾರನ ಕೋಲಿನ ಲೆಕ್ಕ, ಖಾಲಿಯಲ್ಲದ ಖಾಲಿ ಜಾಗಗಳು. ಹೆಸರುಗಳನ್ನು 'ಬಹುತೇಕ ಖಚಿತ' ಎಂದೇ ಬರೆದೆ. ಅಗೆದು ನೋಡದೆ ಅದಕ್ಕಿಂತ ಹೆಚ್ಚು ಹೇಳುವ ಹಕ್ಕು ನಮಗಿಲ್ಲ. ಬಾಸ್ ಎರಡು ಸಲ ಓದಿ, ಒಂದು ವಾಕ್ಯವನ್ನೂ ತೆಗೆಯದೆ ಸಹಿ ಹಾಕಿದರು. ಒಂದು ಪ್ರತಿ ಟೀಚರಿಗೆ, ಒಂದು ಸಮಿತಿಗೆ. ಟೀಚರಿಗೆ ಬೇರೆ ಕಾಗದದಲ್ಲಿ, ನಿಮ್ಮ ಮಾತು ಮೀರಿದ್ದೇನೆ, ಕಾರಣ ನಕ್ಷೆಯಲ್ಲಿದೆ ಎಂದು ಬರೆದೆ. ಸಮಿತಿಯಿಂದ ವರದಿ ತಲುಪಿದೆ ಎಂಬ ಎರಡು ಸಾಲಿನ ಉತ್ತರ ಬಂತು. ಟೀಚರಿಂದ ಏನೂ ಬರಲಿಲ್ಲ. ಚಳಿಗಾಲವಿಡೀ ನಾನು ಮತ್ತೆ ಪೈಪು ಹುಡುಕಿದೆ. ಅಂಚೆಯಲ್ಲಿ ದಕ್ಷಿಣದ ಮುದ್ರೆಯಿದ್ದ ಲಕೋಟೆ ಬಂದಾಗಲೆಲ್ಲ ಮೊದಲು ಅದನ್ನೇ ಒಡೆಯುತ್ತಿದ್ದೆ.

ವಸಂತ ಮುಗಿಯುವ ಹೊತ್ತಿಗೆ ಅಧ್ಯಕ್ಷರೇ ಫೋನ್ ಮಾಡಿದರು. ಸಮಿತಿ ನಾಲ್ಕು ಸಲ ಸೇರಿತ್ತು. ಸಿಕ್ಕ ಮನೆಯವರಿಗೆಲ್ಲ ಕಾಗದ ಹೋಗಿತ್ತು. ಹೊಸ ಗೋರಿಗಳಿಗೆ ಜಾಗ ಕೊಡುವುದನ್ನು ನಿಲ್ಲಿಸಿದ್ದರು. ಹೆಚ್ಚಿನವರು ಕಲ್ಲು ಇದ್ದಲ್ಲೇ ಇರಲಿ, ಗೇಟಿನ ಬಳಿ ಸರಿಯಾದ ನಕ್ಷೆ ಹಾಕಿ ಎಂದಿದ್ದರು. ಎರಡು ಮನೆಯವರು ಮಾತ್ರ ಕಲ್ಲು ಸರಿಸಲು ಕೇಳಿ ಅನುಮತಿ ಪಡೆದಿದ್ದರು. ಯಾವ ಎರಡು ಎಂದು ಅವರು ಹೇಳಲಿಲ್ಲ. ಗುರುತು ಹಾಕಿಕೊಡಲು ಬರುತ್ತೀರಾ ಎಂದರು.

ಹೋದೆವು. ಬಿಸಿಲಿತ್ತು. ಟೀಚರು ಮಡಚುವ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ಕರೆದು, ನನ್ನ ಮೇಲೆ ಎರಡು ತಿಂಗಳು ಸಿಟ್ಟಿತ್ತು ಎಂದರು. ಆಮೇಲೆ ಎಂದು ಕೇಳಿದೆ. ಆಮೇಲೆ ಆ ರೈತ ಮನೆಗೆ ಬಂದು ಚಹಾ ಕುಡಿದು ಹೋದ ಎಂದರು. ಅದಕ್ಕಿಂತ ಹೆಚ್ಚು ವಿವರಿಸಲಿಲ್ಲ.

ಭಾಯ್ ಎಪ್ಪತ್ತೆರಡು ಮತ್ತು ಎಪ್ಪತ್ನಾಲ್ಕು ಎಲ್‌ಗಳಿಗೆ ಗೂಟ ಹೊಡೆದರು. ಅಧ್ಯಕ್ಷರು ಟ್ರ್ಯಾಕ್ಟರಿನ ಮುಂಭಾಗಕ್ಕೆ ಅಗಲ ಪಟ್ಟಿ ಬಿಗಿದು, ತಮ್ಮ ಹಿರಿಯರ ಕಲ್ಲನ್ನು ಒಂದು ಚೂರೂ ತಗಲದಂತೆ ಎತ್ತಿ, ಆರಡಿ ಉತ್ತರಕ್ಕೆ ಇಳಿಸಿದರು. ಅದು ನೇರ ನಿಲ್ಲುವವರೆಗೆ ಮಟ್ಟಗೋಲು ಇಟ್ಟು ಇಟ್ಟು ನೋಡಿದರು. ಹಿಂದೆಯೇ ಕಂಬಳಿ ಬಿಚ್ಚಿ ಟೀಚರ ಕಲ್ಲನ್ನು ತಂದು, ಖಾಲಿಯಾದ ಜಾಗದಲ್ಲಿ ನಿಲ್ಲಿಸಿದರು. ಟೀಚರು ಎದ್ದು ಬಂದು ಅದರ ತಲೆಯ ಮೇಲೆ ಅಂಗೈ ಇಟ್ಟರು.

ಕೆಲಸ ಮುಗಿಯಿತೆಂದು ನಾನು ಉಪಕರಣ ಕಟ್ಟತೊಡಗಿದ್ದೆ. ಅಧ್ಯಕ್ಷರು ತಮ್ಮ ಪಿಕಪ್ ಗಾಡಿಯಿಂದ ಚಪ್ಪಟೆ ಸಲಿಕೆಯೊಂದನ್ನು ತಂದರು. ಟೀಚರ ಕಲ್ಲಿನ ಮುಂದೆ, ಬೂದಿ ಹಾಕಿದ್ದಲ್ಲಿ ಮೊಣಕಾಲೂರಿ, ಒಂದು ಚೌಕ ಹುಲ್ಲನ್ನು ನಾಲ್ಕೂ ಕಡೆ ಕೊಯ್ದು, ಒಂದು ಗೇಣು ದಪ್ಪದ ಮಣ್ಣಿನೊಂದಿಗೇ ಎತ್ತಿದರು. ಭಾಯ್ ಕೈ ಜೋಡಿಸಲು ಮುಂದಾದರು, ಅಧ್ಯಕ್ಷರು ಬೇಡವೆಂದು ತಲೆಯಾಡಿಸಿದರು. ಅದನ್ನು ಎರಡೂ ಕೈಯಲ್ಲಿ ಹೊತ್ತು, ತಮ್ಮ ಕಲ್ಲಿನ ಮುಂದೆ ಮೊದಲೇ ಅಗೆದಿಟ್ಟ ಅಷ್ಟೇ ಅಳತೆಯ ಗುಂಡಿಯಲ್ಲಿ ಕೂರಿಸಿದರು. ಅಂಚುಗಳನ್ನು ಬೆರಳಿಂದ ಒತ್ತಿದರು. ಹುಲ್ಲು ನೆಲಕ್ಕೆ ಸಮವಾಯಿತು.

"ಇದು ನಿಮ್ಮ ಯಂತ್ರಕ್ಕೆ ಕಾಣುವುದಿಲ್ಲ, ಅಲ್ಲವಾ," ಎಂದರು.

ಕಾಣುವುದಿಲ್ಲ ಎಂದೆ.

"ಹಾಗಾದರೆ ಬರೆದುಕೊಳ್ಳಿ."

ಭಾಯ್ ಗೇಟಿನ ಕಂಬದಿಂದ ಮತ್ತೆ ಟೇಪು ಎಳೆದರು. ನಾನು ಅಧ್ಯಕ್ಷರ ತಾಯಿಯ ಹೆಸರನ್ನು ಕೇಳಿ, ಅಕ್ಷರ ಅಕ್ಷರ ಹೇಳಿಸಿಕೊಂಡು, ನಕ್ಷೆಯ ಮೇಲೆ ಅಳತೆಯ ಪಕ್ಕದಲ್ಲಿ ಬರೆದೆ.